ಮೆರುಗಿನ ಕಲ್ಲು

ಆಗುವುದಿಲ್ಲ ಅಂದವಳು ನಮ್ಮ ಆಯಿ. ಅಪ್ಪನ ತಾಯಿ. ಊರವರು ಅಂದಿದ್ದರೆ ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ. ಮನೆಯ ಹಿರಿಯಳೇ ಅಂದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಹೊತ್ತು ಓಡಿಬಂದಾಗ ಆಕೆ ಹಿತ್ತಲಲ್ಲಿ ಹಸಿ ಗಡಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ತಿಕ್ಕುತ್ತಿದ್ದಳು. ಸುದ್ದಿ ಕೇಳಿಯೂ ಕೈ ನಿಲ್ಲಿಸಲಿಲ್ಲ.

"ಪಾಸ ಆದಿ? ಚಲೋ ಆತು. ಇನ್ನ ಕಾಲೇಜ ಗೀಲೇಜ ಅಂತ ಮಾತ್ರ ತಗೀಬ್ಯಾಡ. ನಮ್ಮ ಮನಿ ಹೆಣ್ಣಮಗಳು ಡಿಗ್ರಿ ಮುಗಸೂದು ಆಗೂ ಮಾತಲ್ಲ. ಈ ಹಸೀ ಗಡಿಗ್ಯಾಗ ನೀರ ಹೊಯ್ದ್ರ ನಿಂದರತೈತೇನು?"

ನಿಲ್ಲುವುದಿಲ್ಲ. ಸುಡದ ಗಡಿಗೆಗೆ ನೀರು ಬಿದ್ದರೆ ಕರಗಿ ಮಣ್ಣಾಗುತ್ತದೆ. ಕುಂಬಾರರ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮದು ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ದಾರಿಯ ಊರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಮನೆಯಲ್ಲಿ ಆಯಿ, ಅವ್ವ, ಅಪ್ಪನ ತಮ್ಮನಾದ ಕಾಕಾ, ಮತ್ತು ನಾನು. ಕಾಕಾ ತಿಗರಿಯ ಚಕ್ರ ತಿರುಗಿಸಿ ಗಡಿಗೆ ಎತ್ತುತ್ತಿದ್ದ. ನಮ್ಮಲ್ಲಿ ಹೆಂಗಸರು ತಿಗರಿ ಮುಟ್ಟುವಂತಿಲ್ಲ. ಅದು ಎಷ್ಟು ಹಳೆಯ ಕಟ್ಟಳೆಯೋ, ಯಾರು ಮಾಡಿದ್ದೋ, ಕೇಳಿದವರಿಲ್ಲ. ಹೆಂಗಸರ ಪಾಲಿಗೆ ಬಂದದ್ದು ಮೆರುಗು.

ಮೆರುಗು ಅಂದರೆ ಕೇಳುವವರಿಗೆ ಬರೀ ಹೊಳಪು. ಮಾಡುವವರಿಗೆ ಅದು ರಟ್ಟೆಯ ನೋವು. ಗಡಿಗೆ ಅರ್ಧ ಒಣಗಿ, ಉಗುರು ಒತ್ತಿದರೆ ಗುರುತು ಮೂಡಬೇಕು, ಬೆರಳು ಒತ್ತಿದರೆ ತಗ್ಗು ಬೀಳಬಾರದು. ಆ ಹದದಲ್ಲಿ ಕೆಮ್ಮಣ್ಣಿನ ತಿಳಿ ಬಳಿದು, ನುಣುಪಾದ ಹೊಳೆಗಲ್ಲಿನಿಂದ ತಿಕ್ಕುತ್ತ ಹೋಗಬೇಕು. ಮೇಲಿಂದ ಕೆಳಗೆ, ಒತ್ತು ಹೆಚ್ಚುಕಡಿಮೆಯಾಗದಂತೆ. ಹದ ಮೀರಿದರೆ ಎಷ್ಟು ತಿಕ್ಕಿದರೂ ಹೊಳಪು ಹತ್ತುವುದಿಲ್ಲ. ಹದ ಬಂದ ಗಡಿಗೆ ಉಂಡು ಬರುತ್ತೇನೆ ಅಂದರೂ ಕಾಯುವುದಿಲ್ಲ.

ಆ ಕಲ್ಲಿಗೂ ಒಂದು ಪದ್ಧತಿಯಿತ್ತು. ಮದುವೆಯಾಗಿ ಬರುವ ಹೆಣ್ಣು ತವರಿನ ಹೊಳೆಯಿಂದ ತನ್ನ ಕಲ್ಲು ತಾನೇ ಆರಿಸಿ ತರಬೇಕು. ಅವ್ವನದು ಅಥಣಿ ಕಡೆಯ ತವರು. ಕೃಷ್ಣೆಯ ದಂಡೆಯ ಕಪ್ಪು ಕಲ್ಲು ತಂದಿದ್ದಳು, ಬಾತುಕೋಳಿಯ ಮೊಟ್ಟೆಯಷ್ಟು ದೊಡ್ಡದು. ಆಯಿಯದು ದೂಧಗಂಗೆಯ ಬೂದು ಕಲ್ಲು. ತಿಕ್ಕಿದ ಗಡಿಗೆಯ ಮೇಲೆ ಆಯಿ ಹೆಬ್ಬೆರಳು ಆಡಿಸಿ ಇದು ನನ್ನದು, ಇದು ನಿನ್ನದು ಅಂತ ಕಣ್ಣುಮುಚ್ಚಿ ಹೇಳುತ್ತಿದ್ದಳು. ಹುಡುಗಿಯರು ದೊಡ್ಡವರಾಗುತ್ತಲೇ ಅವರಿಗೂ ಒಂದು ಪಾಲು ಗಡಿಗೆ ಬೀಳುತ್ತಿತ್ತು. ದಿನಾ ಸಾಲಿ ಬಿಟ್ಟು ಬಂದ ಮೇಲೆ ನಾನೂ ತಿಕ್ಕುತ್ತಿದ್ದೆ. ಕಾಲೇಜಿಗೆ ಹೋದರೆ ನನ್ನ ಪಾಲು ತಿಕ್ಕುವವರು ಯಾರು? ಆಯಿಯ ಮಾತಿನ ಬುಡ ಅಲ್ಲಿತ್ತು. ಸಿಟ್ಟಲ್ಲ, ಕೆಲಸ.

ಅವ್ವ ಕೆಮ್ಮಣ್ಣಿನ ತಿಳಿ ಕಲಸುತ್ತಲೇ ಇದ್ದಳು. ಆದರೆ ಆಕೆಯ ತಲೆಯಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಿತ್ತು.

ಆ ಬೇಸಿಗೆಯ ಆರಂಭದಲ್ಲಿ ನಾವಿಬ್ಬರೂ ಸಂಬಂಧಿಕರ ಮದುವೆಗೆ ನಿಪ್ಪಾಣಿಗೆ ಹೋಗಿದ್ದೆವು. ಬಜಾರದ ಒಂದು ಅಂಗಡಿಯ ಮುಂದೆ ಉಪ್ಪಿನಕಾಯಿಯ ಬರಣಿಗಳನ್ನು ಸಾಲಾಗಿ ಇಟ್ಟಿದ್ದರು. ಕೆಳಗೆ ಬಿಳಿ, ಹೆಗಲಿಗೆ ಕಂದು ಬಣ್ಣ. ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಅವ್ವ ನಿಂತಳು. ಒಂದರ ಮೈ ಸವರಿದಳು. ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಬಿಟ್ಟು ಒಳಗೂ ಸವರಿದಳು.

"ಓ ಬಾಯಿ, ಹಾತ ಕಾಢ! ಫುಟೇಲ ತೀ!" ಅಂಗಡಿಯವನು ಮರಾಠಿಯಲ್ಲಿ ಕೂಗಿದ. ಕೈ ತೆಗಿ, ಒಡೆದೀತು ಅಂತ.

"ನಾ ಕುಂಬಾರ್ತಿ ಅದೀನ್ರಿ. ಮಣ್ಣ ಹೆಂಗ ಹಿಡೀಬೇಕು ನನಗ ಗೊತ್ತೈತಿ" ಅಂದಳು ಅವ್ವ. "ಒಳಗೂ ಇಷ್ಟ ನುಣ್ಣಗ ಹೆಂಗ ತಿಕ್ಯಾರ್ರಿ? ಕೈ ಹೆಂಗ ಹೋತು?"

ಅವನಿಗೆ ನಗು ಬಂತು. ಕನ್ನಡಕ್ಕೆ ಹೊರಳಿದ. "ಯಾರೂ ತಿಕ್ಕಿಲ್ಲ ಬಾಯಿ. ಮಣ್ಣ ಒಳಗೈತಿ. ನೀ ಮುಟ್ಟಾಕತ್ತಿದ್ದು ಗಾಜು. ಭಟ್ಟಿಯೊಳಗ ಕರಗಿ ಮ್ಯಾಲ ಕುಂತೈತಿ."

"ಗಾಜ? ಬಳಿ ಮಾಡ್ತಾರಲ್ಲ, ಆ ಗಾಜ?"

"ಗಾಜ ಅಂದ್ರ ಗಾಜ. ಬೆಂಕೀನ ತಿಕ್ತೈತಿ ಅಂತ ತಿಳಕೋ."

ಅವ್ವ ತನ್ನ ಬರಿಗೈ ನೋಡಿಕೊಂಡಳು. ಅಪ್ಪ ಹೋದ ದಿನದಿಂದ ಆ ಕೈಯಲ್ಲಿ ಬಳೆಯಿಲ್ಲ. "ನನ್ನ ಕೈಯಾಗಿಂದು ತಗದು ಬರಣಿಗಿ ತೊಡಿಸ್ಯಾರ ನೋಡ" ಅಂತ ನಕ್ಕಳು. ನನಗೆ ನಗಲು ಬರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, "ಬೆಂಕೀನ ತಿಕ್ತೈತಿ, ಬೆಂಕೀನ ತಿಕ್ತೈತಿ" ಅಂತ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

ಈಗ ಆಯಿ ಕಾಲೇಜು ಬೇಡ ಅಂದ ಮೇಲೆ ಅವ್ವನ ಲೆಕ್ಕ ಸರಳವಾಗಿತ್ತು. ಬೆಂಕಿಯೇ ಮೆರುಗು ಕೊಟ್ಟರೆ ಮಗಳ ಕೈಗೆ ಕೆಲಸವೇ ಉಳಿಯುವುದಿಲ್ಲ. ಆ ಕೈ ಪುಸ್ತಕ ಹಿಡಿಯಬಹುದು.

"ಬಳಿಚೂರ ಆರಿಸಿಕೊಂಡ ಬಾ" ಅಂದಳು ನನಗೆ. ನಾನು ಬಳೆಗಾರ ಕೂತು ಬಳೆ ಇಡಿಸುವ ಕಟ್ಟೆಯ ಸುತ್ತ ಅಡ್ಡಾಡಿ ಚೂರು ಆರಿಸಿ ತಂದೆ. ಕೆಂಪು, ನೀಲಿ, ಹಳದಿ. ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಒರಳಿನಲ್ಲಿ ಕುಟ್ಟಿದಳು. ಪುಡಿ ಸಾಲದು ಅನ್ನಿಸಿತೋ ಏನೋ, ಒಳಗೆ ಹೋಗಿ ಟ್ರಂಕಿನಿಂದ ಒಂದು ಅರಿವೆಯ ಗಂಟು ತಂದು ಅದನ್ನೂ ಸುರುವಿದಳು. ಅದು ಎಲ್ಲಿಯದು ಅಂತ ಆಗ ನಾನು ಕೇಳಲಿಲ್ಲ. ಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿ ಒಂದು ಗಡಿಗೆಗೆ ದಪ್ಪಗೆ ಹಚ್ಚಿದಳು. ಗಡಿಗೆ ಸುಡುವ ಆವಿಗೆಯನ್ನು ಹೊಂದಿಸುವಾಗ ಕಾಕಾನ ಕಣ್ಣುತಪ್ಪಿಸಿ ಅದನ್ನು ನಟ್ಟನಡುವೆ, ಉರಿ ಹೆಚ್ಚು ಹತ್ತುವ ಕಡೆ ಇಟ್ಟಳು. ಅದೇ ತಪ್ಪಾಯಿತು. ಬರಣಿ ಸುಡುವ ಭಟ್ಟಿಯ ಉರಿ ಬೇರೆ, ಕಬ್ಬಿನ ರವದಿ, ಕುಳ್ಳು, ಜಾಲಿಕಟ್ಟಿಗೆ ಹಾಕಿ ಸುಡುವ ನಮ್ಮ ಆವಿಗೆಯ ಉರಿ ಬೇರೆ. ನಮ್ಮ ಉರಿಗೆ ಗಾಜು ಮೆತ್ತಗಾಗುತ್ತದೆ, ಹರಡಿ ಕೂರುವುದಿಲ್ಲ. ಮತ್ತೆ ನಾವು ಗಡಿಗೆಗಳನ್ನು ಮೈಗೆ ಮೈ ತಾಗಿಸಿ ಜೋಡಿಸುವವರು. ಬರಣಿಯವರು ಹಾಗೆ ಇಡುವುದಿಲ್ಲ ಅನ್ನುವುದು ನಮಗೆ ಹೇಗೆ ತಿಳಿಯಬೇಕು?

ಆವಿಗೆ ಬಿಚ್ಚಿದ ದಿನ ನಡುವಿನ ಗಡಿಗೆಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಕಾಕಾ ಬಿಡಿಸಲು ಹೋದ. ಕಿವಿಗೆ ಇರಿಯುವ ಸದ್ದು ಮಾಡಿ ಒಡೆದವು.

"ವೈನಿ, ಏನ ಮಾಡೀರಿ ಇದು?" ಅಂದ ಕಾಕಾ ಅವ್ವನಿಗೆ. ಅವನಿಗೆ ಬೈಯಲೂ ತೋಚಲಿಲ್ಲ.

ಆಯಿಗೆ ತೋಚಿತು. ಸಂಕ್ರಾಂತಿಯ ಕುಸುರೆಳ್ಳು ಮಾಡುವುದರಲ್ಲಿ ಆಯಿಯ ಕೈ ಹಿಡಿಯುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಸಣ್ಣ ಕೆಂಡದ ಮೇಲೆ ಪರಾತ ಇಟ್ಟು, ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಟ್ಟು, ಅಂಗೈಯಿಂದ ಆಡಿಸುತ್ತ ಆಡಿಸುತ್ತ ಒಂದೊಂದು ಕಾಳಿಗೂ ಬಿಳಿ ಮುಳ್ಳು ಮೂಡಿಸುತ್ತಿದ್ದಳು. ಪಾಕ ಒಮ್ಮೆಲೆ ಸುರಿದರೆ ಎಲ್ಲ ಮುದ್ದೆ. ಆ ಮಾತೇ ಈಗ ಸಿಟ್ಟಿನಲ್ಲಿ ಬಾಯಿಗೆ ಬಂತು.

"ಪಾಕ ಸುರಿದ ಎಳ್ಳ ಆಗ್ಯಾವ ನೋಡ ಎಲ್ಲಾ! ಅವಸರದಾಕಿ! ಕೈಲೆ ಆಗೂದನ್ನ ಬೆಂಕಿಗಿ ಹಚ್ಚಾಕ ಹೋಗೀದಿ. ಯಾವಾಕಿ ಹೇಳಿದ್ಲ ನಿನಗ? ಯಾರ ಮನಿ ಮುಳಗಸಾಕ..."

ಮಾತು ಅಲ್ಲಿಗೆ ನಿಂತಿತು. ಆಯಿಯ ಕೈಯಲ್ಲಿ ಒಡೆದ ಗಡಿಗೆಯ ಒಂದು ಬೋಕಿ ಇತ್ತು. ಅದರ ಮೇಲೆ ಗಾಜು ಗುಳ್ಳೆಗುಳ್ಳೆಯಾಗಿ ಕುಳಿತಿತ್ತು, ಬಹಳಷ್ಟು ಮಸಿಗಪ್ಪು. ಒಂದು ಕಡೆ ಮಾತ್ರ ಒಂದು ಹನಿ ಶುದ್ಧ ಹಸಿರಾಗಿ ಇಳಿದು ನಿಂತಿತ್ತು. ಅದರೊಳಗೆ ಬಂಗಾರದ ಬಣ್ಣದ ಸಣ್ಣ ಚುಕ್ಕಿಯ ಗುರುತು ಇನ್ನೂ ಉಳಿದಿತ್ತು. ಆಯಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇದು ನನ್ನ ಮಗ ಇಡಿಸಿದ ಬಳಿ ಅಲ್ಲೇನಬೇ?"

ಅವ್ವ ತಲೆ ತಗ್ಗಿಸಿದಳು. ಅಪ್ಪ ಹೋದ ದಿನ ಒಡೆದ ಬಳೆಗಳನ್ನು ಹೊಳೆಗೆ ಬಿಟ್ಟೆವು ಅಂತ ಎಲ್ಲರೂ ತಿಳಿದಿದ್ದರು. ಆಕೆ ಯಾವಾಗ ಆರಿಸಿಕೊಂಡಿದ್ದಳೋ, ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಕಾಕಾ ಎದ್ದು ಹೊರಗೆ ಹೋದ.

"ಇದನ್ನ ಕುಟ್ಟಾಕ ಕೈ ಹೆಂಗ ಬಂತ ನಿನಗ?" ಆಯಿಯ ದನಿ ಸಣ್ಣದಾಗಿತ್ತು.

"ಆಕಿ ಕಲೀಲಿ ಅಂತ್ರಿ ಅತ್ತಿ."

ಆಯಿ ಬೋಕಿಯನ್ನು ನೆಲಕ್ಕಿಟ್ಟಳು. ಇಷ್ಟು ದಿನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಈಗ ಬಾಯಿಬಿಟ್ಟು ಕೇಳಿದಳು. "ಹಂಗಾರ ಆಕಿ ಪಾಲಿಂದು ಯಾರ ತಿಕ್ಕವರು?"

"ನಾ ತಿಕ್ತೀನ್ರಿ. ನಂದೂ, ಆಕಿದೂ."

"ಎಷ್ಟ ದಿನ ತಿಕ್ತಿ?"

"ಆಕಿ ಮುಗಸೂತನಾ."

"ಆಗೂದುಲ್ಲ" ಅಂದಳು ಆಯಿ. ಆದರೆ ತಡೆಯಲಿಲ್ಲ.

ಹೀಗೆ ನಾನು ಚಿಕ್ಕೋಡಿಯ ಕಾಲೇಜು ಸೇರಿದೆ. ಮುಂಜಾನೆಯ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಊರಿನ ಕೆಲವರು ನನ್ನ ಚೀಲ ನೋಡಿ "ಗಡಿಗಿ ಎಲ್ಲಿ ಬಿಟ್ಟ ಬಂದೀಬೇ?" ಅನ್ನುತ್ತಿದ್ದರು. "ನಿಮ್ಮ ಮನ್ಯಾಗ. ತಣ್ಣಗ ನೀರ ಕುಡ್ಯಾಕತ್ತೀರಲ್ಲ" ಅನ್ನುತ್ತಿದ್ದೆ. ಇಂಗ್ಲಿಷು ನನಗೆ ಕಲ್ಲಿನಷ್ಟು ಗಟ್ಟಿಯಾಗಿತ್ತು. ತಿಕ್ಕಿದೆ. ಒಂದು ಸಲ ನಪಾಸಾಗಿ ಮತ್ತೆ ಕಟ್ಟಿ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಇದನ್ನು ನಾನು ದೊಡ್ಡ ದನಿಯಲ್ಲೇ ಹೇಳುತ್ತೇನೆ. ಆದರೆ ಅದಕ್ಕೆ ಹೊಳಪು ಬಂದದ್ದು ಯಾರ ರಟ್ಟೆಯಿಂದ ಅನ್ನುವುದನ್ನು ಅದಕ್ಕಿಂತ ದೊಡ್ಡ ದನಿಯಲ್ಲಿ ಹೇಳಬೇಕು.

ಸಂಜೆ ನಾನು ಬಂದಾಗಲೂ ಅವ್ವ ತಿಕ್ಕುತ್ತಲೇ ಇರುತ್ತಿದ್ದಳು. ಹದ ಮೀರುವ ಮೊದಲು ಎರಡು ಪಾಲು ಮುಗಿಸಬೇಕು. ನಾನು ಕಲ್ಲಿಗೆ ಕೈ ಹಾಕಿದರೆ, "ಬಿಡು, ನಿನ್ನ ಕೈ ಒರಟಾದ್ರ ಪೆನ್ನ ನಿಂದರೂದಿಲ್ಲ" ಅಂತ ಕಸಿದುಕೊಳ್ಳುತ್ತಿದ್ದಳು. ಪೆನ್ನು ಹಿಡಿಯದ ಆಕೆಗೆ ಅದು ಎಂಥ ಕೈಗೆ ನಿಲ್ಲುತ್ತದೆ ಅಂತ ತಿಳಿಯದು. ನಾನೂ ತಿದ್ದಲಿಲ್ಲ.

ಶಿಷ್ಯವೇತನದ ಅರ್ಜಿಗೆ ಪಾಲಕರ ಹೆಬ್ಬೆಟ್ಟು ಬೇಕಾಗಿ ಒಮ್ಮೆ ಅವ್ವ ಕಾಲೇಜಿಗೆ ಬಂದಳು. ಇದ್ದುದರಲ್ಲಿ ಚಲೋ ಸೀರೆ ಉಟ್ಟು, ಉಗುರಿನ ಸಂದಿಯ ಕೆಮ್ಮಣ್ಣು ಹೋಗುವವರೆಗೆ ತೊಳೆದುಕೊಂಡು ಬಂದಿದ್ದಳು. ಆಫೀಸಿನ ಕ್ಲಾರ್ಕ್ ಆಕೆಯ ಹೆಬ್ಬೆರಳನ್ನು ಶಾಯಿಯ ಮೇಲೆ ಒತ್ತಿಸಿ ಕಾಗದಕ್ಕೆ ಒತ್ತಿಸಿದ. ಮತ್ತೆ ಒತ್ತಿಸಿದ.

"ಇದೇನ ಯವ್ವಾ, ನಿನ್ನ ಬಟ್ಟಿನ ಮ್ಯಾಲ ಗೆರೀನ ಇಲ್ಲಲ್ಲ! ಬರೀ ಕರೀ ಗುಂಡ ಬೀಳಾಕತ್ತೈತಿ."

"ಗಡಿಗಿ ತಿಕ್ತೀನ್ರಿ ಸಾಹೇಬ್ರ. ಅದರ ಜೋಡಿ ಇದೂ ತಿಕ್ಕಿ ಹೋಗೈತಿ."

"ಮತ್ತ ನೀ ಯಾರು ಅಂತ ಸರಕಾರಕ್ಕ ಹೆಂಗ ತಿಳೀಬೇಕು?"

"ಈಕಿ ಅವ್ವ ಅಂತ ಬರೀರಿ" ಅಂದಳು ಅವ್ವ, ನನ್ನನ್ನು ತೋರಿಸಿ.

ಕ್ಲಾರ್ಕ್ ನಕ್ಕು ಎಡಗೈಯ ಬೇರೆ ಬೆರಳು ಒತ್ತಿಸಿಕೊಂಡು ಕಳಿಸಿದ. ಹೊರಗೆ ಬಂದು ಅವ್ವ ಕಾಲೇಜಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿ, "ಆವಗಿ ಹೊಗಿ ಕುಂತೈತಿ, ಹೋಗ್ತೈತಿ" ಅಂದಳು.

ಅದು ಹೋಗಲಿಲ್ಲ. ಮಣ್ಣಿನ ಧೂಳು, ಹೊಗೆ, ಎಲ್ಲ ಎದೆಯಲ್ಲಿ ಕೂತಿತ್ತು. ಮುಖ ಮಾತ್ರ ಎಂದಿನ ಹಾಗೆ ಇಟ್ಟುಕೊಂಡಿದ್ದಳು. ನಾನು ಕೇಳಿದಾಗಲೆಲ್ಲ ಏನಾದರೂ ಒಂದು ತಮಾಷೆ ಮಾಡುವಳು. ದವಾಖಾನೆಗೆ ಕರೆದುಕೊಂಡು ಹೋಗಿಬಂದ ಕಾಕಾ ಕೂಡ ನನ್ನ ಮುಂದೆ ಪೂರ್ತಿ ಬಾಯಿ ಬಿಡಲಿಲ್ಲ. ನಾನು ಬಿ.ಎ. ಕೊನೆಯ ವರ್ಷಕ್ಕೆ ಕಾಲಿಟ್ಟ ಮಳೆಗಾಲದಲ್ಲಿ ಅವ್ವ ಹೋದಳು. ಮಳೆಗಾಲದಲ್ಲಿ ಆವಿಗೆ ಹಚ್ಚುವುದಿಲ್ಲ. ವರ್ಷದಲ್ಲಿ ಆಕೆಯ ಕೈಗೆ ಬಿಡುವು ಸಿಗುತ್ತಿದ್ದುದು ಆ ದಿನಗಳಲ್ಲಿ ಮಾತ್ರ.

ಮಳೆ ನಿಂತ ಮೇಲೆ ಕಾಕಾ ಮತ್ತೆ ತಿಗರಿ ಹೂಡಿದ. ಹದಕ್ಕೆ ಬಂದ ಗಡಿಗೆಗಳು ಹಿತ್ತಲಲ್ಲಿ ಸಾಲಾಗಿ ಕೂತಿದ್ದವು. ಅವ್ವನ ಪಾಲು, ನನ್ನ ಪಾಲು. ನಾನು ಪುಸ್ತಕ ಟ್ರಂಕಿಗೆ ಹಾಕಿ, ಗೋಡೆಯ ಮಾಡದಲ್ಲಿದ್ದ ಅವ್ವನ ಕಪ್ಪು ಕಲ್ಲು ತೆಗೆದುಕೊಂಡು ಕೂತೆ. ಯಾರೂ ಹೇಳಬೇಕಾಗಿರಲಿಲ್ಲ. ಮಾತು ಆಕೆ ಕೊಟ್ಟದ್ದು, ಆಕೆಯ ಜೊತೆಗೇ ಮುಗಿಯಿತು ಅಂದುಕೊಂಡೆ. ಕಲ್ಲಿನ ಒಂದು ಬದಿ ಆಕೆಯ ಬೆರಳು ಕೂರುವ ಕಡೆ ಸವೆದು ತಗ್ಗಾಗಿತ್ತು. ನನ್ನ ಬೆರಳು ಅಲ್ಲಿ ಸರಿಯಾಗಿ ಕೂರಲಿಲ್ಲ.

ಆಯಿ ಗೋಡೆ ಹಿಡಿದುಕೊಂಡು ಬಂದಳು. ಆಗಲೇ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ದೇವರ ನನ್ನ ಕಣ್ಣಿಗೂ ಬರಣಿ ಮೆರಗ ಹಚ್ಯಾನ. ಹೊರಗ ಹೊಳಪ, ಒಳಗ ಕತ್ತಲಿ" ಅನ್ನುತ್ತಿದ್ದಳು. ತಡವರಿಸುತ್ತ ನನ್ನ ಕೈ ಹುಡುಕಿ, ಅದರಲ್ಲಿದ್ದ ಕಲ್ಲು ಮುಟ್ಟಿ ನೋಡಿದಳು.

"ಬಸ್ ಹೋತೇನ?"

"ಇಲ್ಲ. ಇನ್ನ ಬಂದಿಲ್ಲ."

"ಮತ್ತ ಇಲ್ಲಿ ಯಾಕ ಕುಂತಿ?"

ಆಯಿ ಕಲ್ಲು ಕಸಿದುಕೊಂಡಳು. ಪಕ್ಕದಲ್ಲಿ ಕೂತು, ಕೈ ಚಾಚಿ ಹತ್ತಿರದ ಗಡಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವ್ವನ ಕಲ್ಲಿನಿಂದ ತಿಕ್ಕತೊಡಗಿದಳು. ಮತ್ತೊಬ್ಬಳ ತವರಿನ ಕಲ್ಲು ಹಿಡಿಯುವುದು ನಮ್ಮಲ್ಲಿ ಇಲ್ಲ. ಆಯಿಯೇ ಎಷ್ಟೋ ಸಲ ಅದಕ್ಕಾಗಿ ನನ್ನನ್ನು ಬೈದಿದ್ದಳು.

"ಏಳಬೇ. ಬಸ್ ತಪ್ಪಿದ್ರ ನಡಕೋತ ಹೋಗಾಕಿ ಏನ?" ಅಂದಳು, ಮುಖ ಎತ್ತದೆ.

ಆ ವರ್ಷವೆಲ್ಲ ಆಯಿ ಕಣ್ಣಿಲ್ಲದೆ ತಿಕ್ಕಿದಳು. ಹೆಬ್ಬೆರಳಿನಿಂದ ಹದ ನೋಡುವುದು, ಕಲ್ಲಿನಿಂದ ತಿಕ್ಕುವುದು. ಒಮ್ಮೊಮ್ಮೆ ನಡುವೆ ಒಂದು ಪಟ್ಟಿ ಬಿಟ್ಟುಹೋಗುತ್ತಿತ್ತು.

"ಅವ್ವಾ, ಗಡಿಗಿ ಪಟ್ಟಿ ಪಟ್ಟಿ ಬಂದಾವ. ಸಂತ್ಯಾಗ ಮಂದಿ ಕೇಳಾಕತ್ತಾರ" ಅಂದ ಕಾಕಾ, ತನ್ನ ತಾಯಿಯಾದ ಆಯಿಗೆ.

"ಹುಲಿ ಗಡಿಗಿ ಅಂತ ಹೇಳಿ ಮಾರು. ನೀರ ತಣ್ಣಗಾಗೂದಿಲ್ಲೇನ?"

ಕಾಕಾ ಮುಂದೆ ಆ ಮಾತು ಎತ್ತಲಿಲ್ಲ. ಒಂದು ಸಂಜೆ ಬಂದು ನೋಡಿದರೆ, ಆಯಿ ಬಿಟ್ಟ ಪಟ್ಟಿಗಳನ್ನು ಆತನೇ ಕೂತು ತಿಕ್ಕುತ್ತಿದ್ದ. ನನ್ನನ್ನು ಕಂಡು ನಾಚಿ, ಗಡಿಗೆ ಕೆಳಗಿಟ್ಟು ಬೀಡಿ ಹುಡುಕತೊಡಗಿದ.

ನಾನು ಪಾಸಾದೆ. ಸೆಕೆಂಡ್ ಕ್ಲಾಸು. ಪದವಿಯ ಪತ್ರ ಕಾಲೇಜಿಗೆ ಬಂದಿದೆ ಅಂತ ಗೊತ್ತಾದಾಗ ಒಬ್ಬಳೇ ಹೋದೆ. ಅದೇ ಕ್ಲಾರ್ಕ್ ಇದ್ದ. ಪುಸ್ತಕದಲ್ಲಿ ನನ್ನ ಸಹಿ ತೆಗೆದುಕೊಂಡು, ದಪ್ಪ ಕಾಗದವನ್ನು ಎರಡೂ ಕೈಯಿಂದ ಎತ್ತಿ ಕೊಟ್ಟ.

"ಬಟ್ಟಿನ ಮ್ಯಾಲ ಗೆರಿ ಇರಲಿಲ್ಲಲ್ಲ, ನಿಮ್ಮವ್ವ? ಆಕಿ ಬಂದಿಲ್ಲೇನವಾ?"

ಇಲ್ಲ ಅಂತ ತಲೆಯಾಡಿಸಿದೆ. ಆತ ಪುಸ್ತಕ ಮುಚ್ಚಿದ. "ಗಾಜ ಹಾಕಿಸಿ ಗ್ವಾಡಿಗಿ ಹಾಕು. ಹುಳ ಹತ್ತೂದಿಲ್ಲ" ಅಂದ.

ಬಜಾರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮುಂದೆ ನಿಂತೆ. ಅವನು ದೇವರ ಪಟವೊಂದಕ್ಕೆ ಗಾಜು ಕೊಯ್ಯುತ್ತಿದ್ದ. ಆ ಕಿರ್ ಅನ್ನುವ ಸದ್ದಿಗೆ ಅಂದು ಆವಿಗೆಯಲ್ಲಿ ಅಂಟಿಕೊಂಡ ಗಡಿಗೆಗಳನ್ನು ಕಾಕಾ ಬಿಡಿಸಿದ್ದು ನೆನಪಾಯಿತು. ಆಮೇಲೆ ನೋಡೋಣ ಅಂತ ಬಸ್ಸು ಹತ್ತಿದೆ.

ಆಯಿ ಹಿತ್ತಲಲ್ಲೇ ಇದ್ದಳು. ಕೈ ಒರೆಸಿಕೋ ಅಂದೆ. ಸೀರೆಗೆ ಎರಡೂ ಕೈ ಒರೆಸಿಕೊಂಡಳು. ಪತ್ರವನ್ನು ಆ ಕೈಗಳಲ್ಲಿ ಇಟ್ಟೆ. ಹೆಬ್ಬೆರಳು ನಿಧಾನವಾಗಿ ಮೇಲಿಂದ ಕೆಳಗೆ ಆಡಿತು, ಗಡಿಗೆಯ ಮೇಲೆ ಆಡುವ ಹಾಗೆಯೇ. ಒತ್ತಿದ ಮುದ್ರೆ ಉಬ್ಬಿದ ಕಡೆ ನಿಂತಿತು, ಮತ್ತೆ ಹೊರಟಿತು. ಅಂಚು ಮುಟ್ಟಿ ತಿರುಗಿ ಮೇಲಕ್ಕೆ ಬಂತು.

"ಗಾಜ ಹಾಕಸಬೇಕು ಅಂತಾರ ಆಯಿ" ಅಂದೆ.

"ಬ್ಯಾಡ. ಗಾಜ ಹಾಕಿದ್ರ ನನಗ ಮುಟ್ಟಾಕ ಬರೂದುಲ್ಲ."

ಇನ್ನೊಮ್ಮೆ ಸವರಿದಳು. ಕಣ್ಣಿನ ಬಿಳಿ ಪೊರೆಯ ಮೇಲೆ ನೀರು ಹೊಳೆಯಿತು. ಪತ್ರಕ್ಕೆ ಬಿದ್ದೀತು ಅಂತ ಅದನ್ನು ದೂರ ಹಿಡಿದಳು.

"ಆಗೂದುಲ್ಲ ಅಂದಾಕಿ ನಾನ. ಆತು ಅಂತ ಆಕಿಗಿ ಹೇಳವರ ಯಾರವಾ ಈಗ?"